ಡೆಲ್ಫಿನ್‌ಗೆ ನಮನ

ದಂಡು ಪ್ರದೇಶದ ಕ್ಲಬ್ಬುಗಳಲ್ಲಿ ಸೋಲ್ ಸಂಗೀತವನ್ನು ಮೊದಲು ಹಾಡಿದವಳು ಡೆಲ್ಫಿನ್. ಚರ್ಚಿನ ಪ್ರಾರ್ಥನೆಯ ಅಳಲನ್ನೂ ಪ್ರೇಮದ ಕಿಚ್ಚನ್ನೂ ಒಂದೇ ಉಸಿರಿನಲ್ಲಿ ಬೆರೆಸುತ್ತಿದ್ದಳು. ಕ್ಯಾನ್ಸರ್ ಬಂದು ಧ್ವನಿಪೆಟ್ಟಿಗೆಯನ್ನೇ ತೆಗೆದ ಮೇಲೆ, ಯಾರಿಗೂ ಹೇಳದೆ ದೂರದೂರಿನ ತಂಗಿಯ ಮನೆ ಸೇರಿದಳು.

ಎಷ್ಟೋ ವರ್ಷಗಳ ನಂತರ, ತನ್ನ ಹಾಡುಗಳದ್ದೇ ಕಾರ್ಯಕ್ರಮವಿದೆಯೆಂದು ತಿಳಿದು, ಕುತ್ತಿಗೆಗೆ ಸ್ಕಾರ್ಫ್ ಸುತ್ತಿಕೊಂಡು ಬಂದು ಹಿಂದಿನ ಸಾಲಿನಲ್ಲಿ ಕುಳಿತಳು. ವೇದಿಕೆಯ ಮೇಲೆ ಹೊಸ ಗಾಯಕಿಯೊಬ್ಬಳು ಅವಳ ಹಾಡನ್ನು ಪ್ರೀತಿಯಿಂದ ಹಾಡುತ್ತಿದ್ದಳು. ಡೆಲ್ಫಿನ್‌ಳ ತುಟಿಗಳೂ ಸದ್ದಿಲ್ಲದೆ ಜೊತೆಗೂಡಿದವು.

"ನಿಮ್ಗೂ ಈ ಹಾಡು ಬರುತ್ತಾ ಆಂಟಿ?" ಪಕ್ಕದ ಯುವತಿ ಕೇಳಿದಳು. ಡೆಲ್ಫಿನ್ ಹೌದೆಂದು ತಲೆಯಾಡಿಸಿದಳು.

"ನಮ್ಮಮ್ಮನಿಗೆ ಡೆಲ್ಫಿನ್ ಅಂದ್ರೆ ಪ್ರಾಣ. ಒಂದ್ಸಲ ಆದ್ರೂ ನೋಡ್ಬೇಕು ಅಂತಿದ್ರು."

ಡೆಲ್ಫಿನ್ ತನ್ನ ಎದೆಯನ್ನು ಮುಟ್ಟಿ ಮುಟ್ಟಿ ತೋರಿಸಿದಳು.

"ನಿಜ ಆಂಟಿ, ಎದೆಗೇ ನಾಟುತ್ತೆ," ಎಂದು ಯುವತಿ ಕಣ್ಣೊರೆಸಿಕೊಂಡಳು.

ಹಾಡು ಮುಗಿಯಿತು. ಗಾಯಕಿ ಗದ್ಗದಿತಳಾಗಿ ಮೈಕಿನಲ್ಲಿ ಹೇಳಿದಳು: "ನಮ್ಮನ್ನಗಲಿದ ಡೆಲ್ಫಿನ್ ಅವರಿಗಾಗಿ ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸೋಣ."

ಡೆಲ್ಫಿನ್ ಧಡಕ್ಕನೆ ಎದ್ದು ಎರಡೂ ಕೈ ಮೇಲೆತ್ತಿ ಬೀಸಿದಳು.

ಸಭಾಂಗಣದಲ್ಲಿದ್ದವರೆಲ್ಲ ತಲೆ ತಗ್ಗಿಸಿ ಕಣ್ಣು ಮುಚ್ಚಿ ನಿಂತಿದ್ದರು.