ಟ್ಯಾಂಕಿನ ನೆರಳಿನ ಸಸಿಗಳು

ಬೀಜ ಬಿಟ್ಟಿ ಸಿಕ್ಕಿತ್ತು. ಸಿಕ್ಕಿಬಿದ್ದರೆ ಮಾತ್ರ ಜೈಲು, ತಲೆಯೂ ಹೋಗಬಹುದು. ಅರಬ್ ನಾಡಿನ ಅಲ್ ಖರ್ಜ್‌ನಲ್ಲಿ, ವೀಸಾ ಕೊಟ್ಟ ಧಣಿಯ, ಅಂದರೆ ಕಫೀಲನ ತೋಟದಲ್ಲಿ ಡ್ರೈವರ್ ಶಫೀಕ್ ನೀರಿನ ಟ್ಯಾಂಕಿನ ಹಿಂದೆ ಗಾಂಜಾ ಸಸಿಗಳನ್ನು ಬಚ್ಚಿಟ್ಟು ಬೆಳೆಸಿದ್ದ.

"ಪೊಡಿಯಬ್ಬಾಕ, ಇದೆಂತ ನೂಲಿನ ಹಾಗೆ ಉದ್ದ ಹೋಗುದು? ನೆಟ್ಟಗೆ ನಿಲ್ಲುದೇ ಇಲ್ಲ." ಟ್ಯಾಂಕಿನ ಹಿಂದೆ ಕರೆದೊಯ್ದು ಶಫೀಕ್ ಕೇಳಿದ.

ಟೊಮೆಟೊ ಸಸಿ ನೋಡಿಕೊಳ್ಳುವ ಪೊಡಿಯಬ್ಬ ಎಲೆಯ ಗುರುತು ಹತ್ತಿದ್ದೇ ಸುತ್ತ ನೋಡಿ ದನಿ ತಗ್ಗಿಸಿದ. "ಅದು ಬೆಳಕು ಹುಡುಕುದು ಮಾರಾಯ. ದಂಟು ದಪ್ಪ ಆಗ್ಲಿಕ್ಕೆ ದಿನವಿಡೀ ಬಿಸಿಲು, ಗಾಳಿ ಬೇಕು. ಅಂಗಳದಲ್ಲಿ ಇಡ್ತೀಯಾ, ಕಫೀಲನ ಕಣ್ಣೆದುರು?"

ಅಷ್ಟರಲ್ಲಿ ಗೇಟಿನಲ್ಲಿ ಕಫೀಲನ ಗಾಡಿಯ ಹಾರ್ನ್ ಕೇಳಿತು. ಪೊಡಿಯಬ್ಬ ಸಸಿಗಳನ್ನೆಲ್ಲ ಬೇರುಸಮೇತ ಕಿತ್ತು ಪಕ್ಕದ ಆಡಿನ ದೊಡ್ಡಿಗೆ ಎಸೆದ. ಆಡುಗಳು ಮುಗಿಬಿದ್ದು ತಿಂದವು. ಕಫೀಲ್ ಬಂದ, ಟ್ಯಾಂಕಿನ ಹಿಂದೆಯೂ ಇಣುಕಿದ, ಹೋದ. ಶಫೀಕನ ಗಿಡ ಹೋಯಿತು, ಜೀವ ಉಳಿಯಿತು.