ಗಟ್ಟಿ ತಲೆ

"ಕೊಡಲ್ಲ ಅಂದ್ರೆ ಕೊಡಲ್ಲ. ಮೊದಲು ಡಾಕ್ಟರಮ್ಮ ಏನಂತಾರೋ ನೋಡೋಣ." ಅಕ್ಕ ಸ್ಕೂಟರ್ ಕೀಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು.

ತಮ್ಮನಿಗೆ ಮೂರ್ಛೆರೋಗ. ಚಿಕ್ಕಂದಿನಿಂದಲೂ ಅವನನ್ನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದವಳು ಅವಳೇ. ಒಲೆ ಮುಟ್ಟಗೊಡಳು, ಏಣಿ ಹತ್ತಗೊಡಳು. ಮೀಸೆ ಬಂದ ಗಂಡಸು ಈಗಲೂ ಸ್ಕೂಟರಿನಲ್ಲಿ ಅಕ್ಕನ ಹಿಂದೆ ಕೂತೇ ಕೆಲಸಕ್ಕೆ ಹೋಗಬೇಕು! ಮಾತ್ರೆ ಬದಲಾದ ಮೇಲೆ ವರ್ಷವಾದರೂ ಅವನು ಬಿದ್ದಿರಲಿಲ್ಲ. ಇವತ್ತು ಡಾಕ್ಟರಮ್ಮ ಒಪ್ಪಿದರೆ ಕೀ ಅವನದು ಎಂದು ಮಾತಾಗಿತ್ತು.

ಆಸ್ಪತ್ರೆಗೆ ಮೆದುಳಿನ ಎಳೆ ಎಳೆಯನ್ನೂ ತೋರಿಸುವ ಹೊಸ ಯಂತ್ರ ಬಂದಿತ್ತು. ಅಧ್ಯಯನಕ್ಕೆ ರೋಗಿಯ ಜೊತೆಗೆ ಒಡಹುಟ್ಟಿದವರೂ ಬೇಕೆಂದರು. ಹೋದ ವಾರ ಇಬ್ಬರೂ ಅದರ ಕೊಳವೆಯೊಳಗೆ ಮಲಗಿ ಎದ್ದು ಬಂದಿದ್ದರು.

"ಹೋಲಿಸೋಕೆ ಒಂದು ಗಟ್ಟಿ ತಲೆ ಬೇಕಂತೆ ಕಣ್ರೀ. ಅದಕ್ಕೇ ನನ್ನ ಕರೆದ್ರು," ಎಂದು ಅಕ್ಕ ಬೀದಿಗೆಲ್ಲ ಹೇಳಿಕೊಂಡು ಬೀಗಿದ್ದಳು.

ಅವಳಿಗೆ ಬೇಸರವೆಂದರೆ ಲೋಕದ ಅವಸರ. ಹಾಲು ಇಟ್ಟ ಮರುಕ್ಷಣವೇ ಉಕ್ಕಿ ಒಲೆಯೆಲ್ಲ ಹೊಲಸು. ತಮ್ಮನಂತೂ ಅರ್ಧ ಮಾತು ನುಂಗುತ್ತಿದ್ದ. ಕೇಳಿದರೆ, "ಈಗ ತಾನೇ ಹೇಳಿದೆನಲ್ಲಕ್ಕಾ," ಎಂದು ಸುಳ್ಳು ಬೇರೆ!

ಇವತ್ತು ದಾರಿಯಲ್ಲೂ ಅದೇ ಗೋಳು. ಸಿಗ್ನಲ್ ಹಸಿರಾಗುವಷ್ಟರಲ್ಲೇ ಹಿಂದಿನವರೆಲ್ಲ ಹಾರ್ನ್ ಬಡಿದರು. ತಮ್ಮ ಅವಳ ಭುಜ ಅಲುಗಿಸಿದ.

"ಅಕ್ಕಾ, ಅಕ್ಕಾ! ಹೊರಡು."

"ಅಬ್ಬಬ್ಬಾ, ಕೀ ಸಿಗುತ್ತೆ ಅಂತ ಎಷ್ಟು ಆತುರ ನೋಡು!"

ಡಾಕ್ಟರಮ್ಮ ತಮ್ಮನನ್ನು ಮೊದಲು ಒಬ್ಬನನ್ನೇ ಕರೆದು ಮಾತಾಡಿಸಿದರು. ಆಮೇಲೆ ಅಕ್ಕನನ್ನೂ ಒಳಗೆ ಕರೆದು, ಪರದೆಯ ಮೇಲೆ ಒಂದು ಚಿತ್ರ ತೋರಿಸಿದರು. ಮೆದುಳಿನಲ್ಲಿ, ಕಿವಿಯ ನೇರಕ್ಕೆ, ಸಾಸಿವೆಯಷ್ಟು ಬಿಳಿ ಚುಕ್ಕೆ.

"ಎಲ್ಲ ಮೂರ್ಛೆಯಲ್ಲೂ ಬೀಳೋದಿಲ್ಲ. ಕೆಲವರು ಕಣ್ಣು ಬಿಟ್ಕೊಂಡೇ ಒಂದು ಗಳಿಗೆ ಎಲ್ಲೋ ಹೋಗಿ ಬರ್ತಾರೆ. ಹೋಗಿದ್ದು ಅವರಿಗೇ ಗೊತ್ತಾಗಲ್ಲ."

ಅಕ್ಕ ತಮ್ಮನ ತಲೆಯನ್ನು ಎದೆಗೊತ್ತಿಕೊಂಡಳು. ಕಣ್ಣು ತುಂಬಿ ಬಂತು. "ಅಯ್ಯೋ ನನ್ನಪ್ಪಾ! ಇದಕ್ಕೆ ಔಷಧ ಇದೆಯಾ ಡಾಕ್ಟರೇ?"

"ಖಂಡಿತ ಇದೆ, ಗಾಬರಿ ಬೇಡ. ಇನ್ನೊಂದು ಪರೀಕ್ಷೆ ಮಾಡಿ ಶುರು ಮಾಡೋಣ. ಅಲ್ಲೀತನಕ ಒಲೆ ಹತ್ತಿರ ಜೋಪಾನ. ಸ್ಕೂಟರ್ ಮಾತ್ರ ಬೇಡವೇ ಬೇಡ."

"ಕೇಳಿದೆಯೇನೋ? ನಾನು ಬಡ್ಕೊಂಡೆ!" ಅಕ್ಕ ಕೀಯನ್ನು ಚೀಲದ ತಳಕ್ಕೆ ತುರುಕಿದಳು. ತಮ್ಮ ಅವಳ ಕೈ ಹಿಡಿದುಕೊಂಡ.

"ಕೀ ತಮ್ಮನಿಗೆ ಕೊಟ್ಟುಬಿಡಿ ಅಮ್ಮ," ಎಂದರು ಡಾಕ್ಟರಮ್ಮ ಮೆಲ್ಲಗೆ, "ಈ ಚಿತ್ರ ನಿಮ್ಮದು."