ಹೆಣ್ಣು ಕೇಳಲು ಬಂದವನು

ಶಿವನಂಜನಿಗೆ ಅಪ್ಪ ಹೂಂ ಅನ್ನಲಿ ಎಂದು ಪುಟ್ಟಗೌರಿ ಬಾಗಿಲ ಮರೆಯಲ್ಲಿ ನಿಂತು ದೇವರಿಗೆ ಹರಕೆ ಹೊರುತ್ತಿದ್ದಳು.

“ಫಿಟ್ಸ್ ಬರೋನಿಗೆ ಮಗಳನ್ನ ಕೊಡಕ್ಕಾಯ್ತದಾ? ಎದ್ದೋಗಯ್ಯ!” ಎಂದು ಅಪ್ಪ ಗದರುವಷ್ಟರಲ್ಲಿ, ಹೆಣ್ಣು ಕೇಳಲು ಬಂದವನು ಜಗಲಿಯ ಮೇಲೆ ಬಿದ್ದು ಒದ್ದಾಡತೊಡಗಿದ. ಪುಟ್ಟಗೌರಿ ಓಡಿಬಂದು ಅವನನ್ನು ಮಗ್ಗುಲಿಗೆ ಹೊರಳಿಸಿ, ತಲೆಯಡಿಗೆ ಸೆರಗನ್ನು ಮಡಿಸಿಟ್ಟಳು.

“ಕಬ್ಬಿಣ! ಕೈಗೆ ಕಬ್ಬಿಣ ಕೊಡ್ರೋ!” ಎಂದು ಕೂಗಾಡಿದ ಅಪ್ಪ, ಬೇರೇನೂ ಸಿಗದೆ ಉಡಿದಾರದಲ್ಲಿದ್ದ ಮನೆ ಬೀಗದ ಕೈಗಳನ್ನೇ ಕಿತ್ತು ಅವನ ಮುಷ್ಟಿಗೆ ತುರುಕಿದ.

“ಅದೇನೂ ಬ್ಯಾಡ ಕಣಪ್ಪ, ಎರಡು ನಿಮಿಷಕ್ಕೆ ತಾನಾಗೇ ನಿಲ್ತದೆ. ಡಾಕ್ಟ್ರೇ ಹೇಳವ್ರೆ.”

ಹಾಗೆಯೇ ನಿಂತಿತು. ಒಂದಷ್ಟು ಹೊತ್ತಿನ ಮೇಲೆ ಶಿವನಂಜ ಎದ್ದು ಕುಳಿತು, ನೀರು ಕುಡಿದು, ಮುಷ್ಟಿ ಬಿಚ್ಚಿ ನೋಡಿದ.

“ಮಾವಾ, ನಾನು ಮಗಳನ್ನ ಕೇಳಿದ್ರೆ ನೀವು ಮನೇನೇ ಕೊಟ್ಬುಟ್ರಲ್ಲಾ!”